ಸಮುದ್ರ ದಾಟಿದರೂ ಕೆಡದ ಆಹಾರ ಮನೆಯಲ್ಲಿ ಕೆಡುವುದೇಕೆ?

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಸಂಜೆ ಒಂದೇ ಮನೆಯ ನಾಲ್ಕು ಮಂದಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು ಮತ್ತು ಗಂಡನ ತಾಯಿ. ನಾಲ್ವರ ಮುಖವೂ ಕುತ್ತಿಗೆಯೂ ಬಿಸಿಲಲ್ಲಿ ಸುಟ್ಟಂತೆ ಕೆಂಪೇರಿತ್ತು. ತಲೆನೋವು, ಎದೆ ಡವಡವ, ಮೈ ತುರಿಕೆ. ಮಗಳು ಎರಡು ಸಲ ವಾಂತಿ ಮಾಡಿದ್ದಳು. ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಊಟ ಮಾಡಿದ ಅರ್ಧ ಗಂಟೆಯೊಳಗೆ ಇದೆಲ್ಲ ಶುರುವಾಗಿತ್ತು.

‘ಮೀನಿನ ಅಲರ್ಜಿ ಡಾಕ್ಟ್ರೇ, ಇನ್ನು ನಮ್ಮ ಮನೆಯಲ್ಲಿ ಮೀನು ಬಂದ್’ ಎಂದರು ಆ ತಾಯಿ.

ಅದು ಅಲರ್ಜಿ ಆಗಿರಲಿಲ್ಲ. ಅಲರ್ಜಿ ಒಬ್ಬೊಬ್ಬರ ಮೈಗುಣ. ಒಂದೇ ಪಾತ್ರೆಯಿಂದ ಉಂಡ ನಾಲ್ವರಿಗೂ ಒಂದೇ ಹೊತ್ತಿಗೆ ಬಂದರೆ ತಪ್ಪು ಉಂಡವರ ಮೈಯಲ್ಲಿಲ್ಲ, ಪಾತ್ರೆಯಲ್ಲಿದೆ. ವಿಚಾರಿಸಿದಾಗ ವಿಷಯ ತಿಳಿಯಿತು. ಬೆಳಿಗ್ಗೆ ಎಂಟು ಗಂಟೆಗೆ ಮೀನು ಕೊಂಡಿದ್ದರು. ಐಸ್ ಹಾಕಿಸಿರಲಿಲ್ಲ. ಪ್ಲಾಸ್ಟಿಕ್ ಚೀಲವನ್ನು ಕಾರಿನ ಡಿಕ್ಕಿಯಲ್ಲಿಟ್ಟು ಒಂದು ಮದುವೆಗೆ ಹೋಗಿ, ಮುಹೂರ್ತ ಮುಗಿಸಿಕೊಂಡು ಮನೆ ಸೇರುವಾಗ ಗಂಟೆ ಒಂದಾಗಿತ್ತು. ಏಪ್ರಿಲ್ ತಿಂಗಳ ಕರಾವಳಿಯ ಬಿಸಿಲು. ಕಾರು ನಿಂತಿದ್ದುದು ಬಯಲಿನಲ್ಲಿ.

ಆ ಗಂಡನ ಉದ್ಯೋಗ ಕೇಳಿದಾಗ ನನಗೂ ಆಶ್ಚರ್ಯವಾಯಿತು. ಅವರು ಸರಕು ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಹೆಪ್ಪುಗಟ್ಟಿಸಿದ ಮೀನು, ಮಾಂಸ, ತರಕಾರಿ ತುಂಬಿದ ಶೀತಲ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ರಜೆಯ ಮೇಲೆ ಊರಿಗೆ ಬಂದಿದ್ದರು. ‘ಹಡಗಿನಲ್ಲಿ ಇಂಥ ನೂರಾರು ಪೆಟ್ಟಿಗೆ ಇರ್ತದೆ ಡಾಕ್ಟ್ರೇ. ದಿನಕ್ಕೆ ಎರಡು ಸಲ ಒಂದೊಂದರ ಉಷ್ಣತೆ ನೋಡಿ ಬರೆಯುವವ ನಾನೇ. ಬೇರೆಯವರ ಮೀನನ್ನು ಸಮುದ್ರ ದಾಟಿಸಿ ಕೊಟ್ಟೆ. ನನ್ನ ಮನೆಯ ಮೀನನ್ನು ಐದು ಗಂಟೆ ಕಾಯಲಿಕ್ಕೆ ಆಗಲಿಲ್ಲ ನೋಡಿ’ ಎಂದು ತಲೆ ತಗ್ಗಿಸಿದರು.

ಅವರ ಆ ಮಾತೇ ಈ ವಾರದ ಲೇಖನಕ್ಕೆ ಪ್ರೇರಣೆ. ಹಡಗಿನವರು ವಾರಗಟ್ಟಲೆ ಆಹಾರವನ್ನು ಕೆಡದಂತೆ ಕಾಯುವುದು ಹೇಗೆ? ಅದರಿಂದ ನಮ್ಮ ಅಡುಗೆಮನೆ ಕಲಿಯಬೇಕಾದುದೇನು?

ನಾನು ಮಾಡಿದ ತಪ್ಪು

ಮೊದಲು ಆ ಮೀನಿನಲ್ಲಿ ಏನಾಗಿತ್ತೆಂದು ಹೇಳುತ್ತೇನೆ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳವಾಗಿದೆ. ಮೀನು ಸತ್ತ ಮೇಲೆ ಬೆಚ್ಚಗೆ ಉಳಿದರೆ, ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹವೇ ಬಿಡುಗಡೆ ಮಾಡುವ ವಸ್ತುವೂ ಇದೇ ಹಿಸ್ಟಮಿನ್. ಆದ್ದರಿಂದಲೇ ಎರಡರ ಲಕ್ಷಣಗಳೂ ಒಂದೇ ತೆರನಾಗಿರುತ್ತವೆ. ಹಿಸ್ಟಮಿನ್ ಒಮ್ಮೆ ಉಂಟಾದರೆ ಕುದಿಸಿದರೂ, ಹುರಿದರೂ, ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ. ಮೀನಿಗೆ ಕೆಟ್ಟ ವಾಸನೆ ಬರಲೇಬೇಕೆಂದೂ ಇಲ್ಲ. ಕೆಲವರಿಗೆ ನಾಲಗೆಯ ಮೇಲೆ ಮೆಣಸು ಕಚ್ಚಿದಂತೆ ಚುರುಚುರು ಎನ್ನಿಸುವುದು ಒಂದು ಸುಳಿವು.

ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಇಂಥದೇ ಲಕ್ಷಣಗಳ ಒಬ್ಬ ಹುಡುಗನಿಗೆ ‘ಮೀನಿನ ಅಲರ್ಜಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮನೆಯಲ್ಲಿ ಬೇರೆ ಯಾರಿಗೆ ಹೀಗಾಯಿತು ಎಂದು ಕೇಳಲಿಲ್ಲ. ಆ ಹುಡುಗ ಏಳೆಂಟು ವರ್ಷ ಮೀನು ಮುಟ್ಟಲಿಲ್ಲ. ಮೀನೇ ಮುಖ್ಯ ಆಹಾರವಾದ ಮನೆಯಲ್ಲಿ ಅವನೊಬ್ಬನಿಗೆ ಬೇರೆ ತಟ್ಟೆ. ಮುಂದೊಮ್ಮೆ ಅವನ ಅಕ್ಕ ಚಿಕಿತ್ಸೆಗೆ ಬಂದಾಗ, ‘ಅವತ್ತು ನನಗೂ ಅಪ್ಪನಿಗೂ ಮುಖ ಕೆಂಪಾಗಿತ್ತು, ನಾವು ಹೇಳಲಿಲ್ಲ ಅಷ್ಟೆ’ ಎಂದಳು. ಒಂದು ಪ್ರಶ್ನೆ ಕೇಳದೆ ಹೋದುದಕ್ಕೆ ಆ ಹುಡುಗನ ಎಳೆವಯಸ್ಸಿನ ಒಂದು ರುಚಿಯನ್ನೇ ನಾನು ಕಸಿದಿದ್ದೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಆಹಾರದಿಂದ ತೊಂದರೆಯಾದಾಗ ಜೊತೆಗೆ ಉಂಡವರೆಲ್ಲರ ಸುದ್ದಿಯನ್ನೂ ವೈದ್ಯರಿಗೆ ತಪ್ಪದೆ ಹೇಳಿ.

ಶೀತ ಕೊಲ್ಲುವುದಿಲ್ಲ, ಮಲಗಿಸುತ್ತದೆ

ನಮ್ಮಲ್ಲಿ ಅನೇಕರ ನಂಬಿಕೆ, ಫ್ರಿಜ್‌ನಲ್ಲಿಟ್ಟರೆ ಕ್ರಿಮಿಗಳು ಸಾಯುತ್ತವೆ ಎಂಬುದು. ಇದು ತಪ್ಪು. ಅನುಕೂಲಕರ ಉಷ್ಣತೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ಏಳು ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ. ಸುಮಾರು 5 ರಿಂದ 60 ಡಿಗ್ರಿ ಸೆಂಟಿಗ್ರೇಡ್‌ವರೆಗಿನ ಉಷ್ಣತೆ ಅವುಗಳಿಗೆ ಹಬ್ಬ. ನಾಲ್ಕು ಡಿಗ್ರಿಗೆ ಇಳಿಸಿದರೆ ಹೆಚ್ಚಿನವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಮೈನಸ್ 18 ಡಿಗ್ರಿಗೆ ಇಳಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಆದರೆ ಅವುಗಳಲ್ಲಿ ಬಹಳಷ್ಟು ಸಾಯುವುದಿಲ್ಲ, ಮಲಗಿರುತ್ತವೆ. ಬೆಚ್ಚಗಾದೊಡನೆ ಎದ್ದು ನಿಲ್ಲಿಸಿದ ಕೆಲಸವನ್ನು ಮುಂದುವರಿಸುತ್ತವೆ.

ಇದಕ್ಕೆ ಜರ್ಮನಿಯ ಉದಾಹರಣೆ ಕಣ್ತೆರೆಸುವಂಥದು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಆ ದೇಶದ ಪೂರ್ವಭಾಗದ ಶಾಲೆ ಮತ್ತು ಶಿಶುವಿಹಾರಗಳಲ್ಲಿ ಸುಮಾರು 11 ಸಾವಿರ ಮಂದಿ, ಹೆಚ್ಚಿನವರು ಮಕ್ಕಳು, ವಾಂತಿಭೇದಿಯಿಂದ ನರಳಿದರು. ಮೂಲ ಹುಡುಕಿದಾಗ ಸಿಕ್ಕಿದ್ದು ಚೀನಾದಿಂದ ಬಂದ ಹೆಪ್ಪುಗಟ್ಟಿಸಿದ ಸ್ಟ್ರಾಬೆರಿ ಹಣ್ಣು. ಅದರಲ್ಲಿ ನೊರೊವೈರಸ್ ಇತ್ತು. ಹಣ್ಣನ್ನು ಅಷ್ಟು ದೂರ ಕೆಡದಂತೆ ಕಾಪಾಡಿದ ಶೀತವೇ ವೈರಸ್ಸನ್ನೂ ಕಾಪಾಡಿತ್ತು. ಆದರೆ ಅದೇ ಹಣ್ಣನ್ನು ಚೆನ್ನಾಗಿ ಬೇಯಿಸಿ ಬಡಿಸಿದ ಅಡುಗೆಮನೆಗಳ ಮಕ್ಕಳಿಗೆ ಏನೂ ಆಗಲಿಲ್ಲ. ಹೊರಡುವಾಗ ಶುದ್ಧವಾಗಿದ್ದುದು ಮಾತ್ರ ತಲುಪಿದಾಗಲೂ ಶುದ್ಧವಾಗಿರುತ್ತದೆ. ಶೀತಕ್ಕೆ ಕೊಳೆ ತೊಳೆಯುವ ಶಕ್ತಿಯಿಲ್ಲ.

ಒಬ್ಬ ಕಪ್ತಾನನ ಸಾಹಸ

ಹಡಗಿನಲ್ಲಿ ಹೆಪ್ಪುಗಟ್ಟಿಸಿದ ಆಹಾರ ಸಾಗಿಸುವ ಕಲೆಗೆ ಹೆಚ್ಚುಕಡಿಮೆ ಒಂದೂವರೆ ಶತಮಾನದ ಇತಿಹಾಸವಿದೆ. 1882ರ ಫೆಬ್ರವರಿ 15ರಂದು ‘ಡುನೆಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೊರಟಿತು. ಅದರಲ್ಲಿ ಸುಮಾರು ಐದು ಸಾವಿರ ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವಿತ್ತು. ಹಡಗು ಗಾಳಿಯಿಂದ ಸಾಗಿದರೂ, ಮಾಂಸವನ್ನು ತಣ್ಣಗಿಡಲು ಕಲ್ಲಿದ್ದಲಿನಿಂದ ನಡೆಯುವ ಯಂತ್ರವನ್ನು ಅಳವಡಿಸಿದ್ದರು. ಉಷ್ಣವಲಯ ದಾಟುವಾಗ, ತಂಪು ಗಾಳಿ ಉಗ್ರಾಣದ ಎಲ್ಲ ಮೂಲೆಗಳಿಗೂ ಸರಿಯಾಗಿ ತಲುಪುತ್ತಿಲ್ಲ ಎಂಬುದು ಕಪ್ತಾನ ಜಾನ್ ವಿಟ್ಸನ್ನನ ಗಮನಕ್ಕೆ ಬಂತು. ಆತ ಸ್ವತಃ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಹೊಸ ರಂಧ್ರಗಳನ್ನು ಕೊರೆದ. ಅಷ್ಟರಲ್ಲಿ ಚಳಿಯಿಂದ ಮರಗಟ್ಟಿ ಅಲುಗಾಡದಂತಾದ. ಸಹಾಯಕನೊಬ್ಬ ಹಿಂದಿನಿಂದ ತೆವಳಿ ಹೋಗಿ, ಅವನ ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದು ಬದುಕಿಸಬೇಕಾಯಿತು.

98 ದಿನಗಳ ಬಳಿಕ ಹಡಗು ಲಂಡನ್ ತಲುಪಿತು. ತಪಾಸಣೆಯಲ್ಲಿ ಕೆಟ್ಟಿದೆಯೆಂದು ತಿರಸ್ಕೃತವಾದದ್ದು ಒಂದೇ ಒಂದು ಕುರಿ.

ಕಪ್ತಾನನಿಗೆ ಅಂದು ತಿಳಿದ ಸತ್ಯ ಇಂದಿಗೂ ಬದಲಾಗಿಲ್ಲ. ಯಂತ್ರ ಓಡುತ್ತಿದ್ದರೆ ಸಾಲದು. ತಂಪು ಗಾಳಿ ಪ್ರತಿಯೊಂದು ಪದಾರ್ಥವನ್ನೂ ತಲುಪಬೇಕು.

ಇಂದಿನ ಶೀತಲ ಪೆಟ್ಟಿಗೆ

ಈಗ ಈ ಕೆಲಸವನ್ನು ‘ರೀಫರ್ ಕಂಟೇನರ್’ ಎಂಬ ದೊಡ್ಡ ಉಕ್ಕಿನ ಪೆಟ್ಟಿಗೆಗಳು ಮಾಡುತ್ತವೆ. ನಮ್ಮ ಕರಾವಳಿಯ ಸಿಗಡಿ, ಬೊಂಡಾಸ್, ಮೀನಿನ ಮಾಂಸವನ್ನು ಅರೆದು ಮಾಡುವ ಸುರಿಮಿ ಮುಂತಾದವು ಇಂಥ ಪೆಟ್ಟಿಗೆಗಳಲ್ಲಿಯೇ ವಿದೇಶಗಳಿಗೆ ಹೋಗುತ್ತವೆ. ಪೆಟ್ಟಿಗೆಯ ಒಂದು ತುದಿಯಲ್ಲಿ ಶೀತಲ ಯಂತ್ರವಿರುತ್ತದೆ. ಹಡಗಿನಲ್ಲಿ ಹಡಗಿನದೇ ವಿದ್ಯುತ್ತು, ರಸ್ತೆಯಲ್ಲಿ ಲಾರಿಗೆ ಜೋಡಿಸಿದ ಜನರೇಟರ್. ತಂಪು ಗಾಳಿ ನೆಲದ ಸಾಲುಗಳ ಮೂಲಕ ಹರಿದು, ಸರಕನ್ನು ಬಳಸಿ ಮೇಲಕ್ಕೇರಿ, ಚಾವಣಿಯ ಕೆಳಗಿನಿಂದ ಯಂತ್ರಕ್ಕೆ ಮರಳುತ್ತದೆ.

ಈ ಪೆಟ್ಟಿಗೆಯನ್ನು ತುಂಬುವವರು ಪಾಲಿಸುವ ಕೆಲವು ನಿಯಮಗಳಿವೆ. ಒಂದೊಂದೂ ನಮ್ಮ ಮನೆಯ ಫ್ರಿಜ್‌ಗೆ ಹೇಳಿ ಮಾಡಿಸಿದಂತಿದೆ.

ಮೊದಲನೆಯದು: ಪೆಟ್ಟಿಗೆ ಇರುವುದು ಶೀತವನ್ನು ಉಳಿಸಲಿಕ್ಕೆ, ಬಿಸಿಯನ್ನು ತೆಗೆಯಲಿಕ್ಕಲ್ಲ. ಮೀನನ್ನು ಮೊದಲೇ ಕಾರ್ಖಾನೆಯಲ್ಲಿ ಮೈನಸ್ 35–40 ಡಿಗ್ರಿಯ ಯಂತ್ರದಲ್ಲಿ ಬೇಗನೆ ಹೆಪ್ಪುಗಟ್ಟಿಸಿ, ಅದರ ನಡುಭಾಗವೂ ಮೈನಸ್ 18 ಡಿಗ್ರಿಗೆ ಇಳಿದ ಮೇಲೆಯೇ ಪೆಟ್ಟಿಗೆಗೆ ತುಂಬುತ್ತಾರೆ. ನಮ್ಮ ಮನೆಗಳಲ್ಲಿ? ದೊಡ್ಡ ಪಾತ್ರೆಯ ಬಿಸಿ ಸಾರನ್ನು ಇಟ್ಟ ಹಾಗೇ ಒಳಗೆ ತಳ್ಳುತ್ತೇವೆ. ಆ ಪಾತ್ರೆಯ ನಡುಭಾಗ ತಣ್ಣಗಾಗಲು ಗಂಟೆಗಳೇ ಬೇಕು. ಅಷ್ಟು ಹೊತ್ತು ಪಕ್ಕದ ಹಾಲು, ಮೊಸರೂ ಬೆಚ್ಚಗಾಗುತ್ತವೆ. ಹಾಗೆಂದು ರಾತ್ರಿಯಿಡೀ ಹೊರಗಿಡುವುದು ಅದಕ್ಕಿಂತ ದೊಡ್ಡ ತಪ್ಪು. ಸಾರನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಬಿಸಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಕಡು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ.

ಎರಡನೆಯದು: ಗಾಳಿಗೆ ದಾರಿ ಬಿಡಬೇಕು. ಪೆಟ್ಟಿಗೆಯ ಒಳಗೋಡೆಯಲ್ಲಿ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಅದಕ್ಕಿಂತ ಮೇಲೆ ಸರಕು ಪೇರಿಸುವಂತಿಲ್ಲ. ನಮ್ಮ ಫ್ರಿಜ್‌ನಲ್ಲಿ ಅಂಥ ಗೆರೆಯಿಲ್ಲ. ಹಬ್ಬದ ದಿನ ಬಾಗಿಲು ಮುಚ್ಚಲು ಮೊಣಕಾಲಿನ ಸಹಾಯ ಬೇಕಾದರೆ, ನೀವು ಆ ಗೆರೆ ದಾಟಿದ್ದೀರಿ ಎಂದು ತಿಳಿಯಿರಿ.

ಮೂರನೆಯದು: ಪ್ರತಿ ಪದಾರ್ಥಕ್ಕೂ ಅದರದೇ ಉಷ್ಣತೆ. ಹೆಪ್ಪುಗಟ್ಟಿಸಿದ ಮೀನಿಗೆ ಮೈನಸ್ 18. ಹೆಪ್ಪುಗಟ್ಟಿಸದ, ಬರೇ ತಣ್ಣಗಿಟ್ಟ ಮಾಂಸಕ್ಕೆ ಸೊನ್ನೆಯ ಆಸುಪಾಸು. ಬಾಳೆಹಣ್ಣಿಗೆ ಸುಮಾರು 13 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಬಾಳೆಕಾಯಿ ಸರಿಯಾಗಿ ಹಣ್ಣಾಗದೆ ಸಿಪ್ಪೆ ಕಪ್ಪಾಗುತ್ತದೆ. ಮನೆಯ ಫ್ರಿಜ್‌ನಲ್ಲಿ ಬಾಳೆಹಣ್ಣು ಕಪ್ಪಾಗುವುದೂ ಇದೇ ಕಾರಣಕ್ಕೆ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಫ್ರೀಜರ್ ಮೈನಸ್ 18 ಡಿಗ್ರಿ ಇರಬೇಕು. ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡಿದರೆ ನಿಮ್ಮ ಫ್ರಿಜ್‌ನ ನಿಜಸ್ಥಿತಿ ತಿಳಿಯುತ್ತದೆ.

ನಾಲ್ಕನೆಯದು: ಬರೆದಿಡುವುದು. ಪೆಟ್ಟಿಗೆಯ ಯಂತ್ರ ಪ್ರಯಾಣದುದ್ದಕ್ಕೂ ಉಷ್ಣತೆಯನ್ನು ದಾಖಲಿಸುತ್ತದೆ. ನಡುವೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಆ ದಾಖಲೆ ಚಾಡಿ ಹೇಳುತ್ತದೆ. ಮನೆಯಲ್ಲಿ ಇದಕ್ಕೊಂದು ಸುಲಭೋಪಾಯವಿದೆ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಮಂಜುಗಡ್ಡೆಯಾಗಿಸಿ, ಅದರ ಮೇಲೊಂದು ನಾಣ್ಯವಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ, ಕರೆಂಟು ಹೋಗಿ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮೀನು, ಮಾಂಸವನ್ನು ಮುಲಾಜಿಲ್ಲದೆ ಎಸೆಯಿರಿ.

1997ರ ಪಾಠ

ಈ ಶಿಸ್ತು ನಮ್ಮ ದೇಶಕ್ಕೆ ಪುಕ್ಕಟೆಯಾಗಿ ಬಂದದ್ದಲ್ಲ. 1997ರ ಆಗಸ್ಟ್‌ನಲ್ಲಿ ಐರೋಪ್ಯ ಒಕ್ಕೂಟ, ಶುಚಿತ್ವ ಸಾಲದೆಂಬ ಕಾರಣಕ್ಕೆ ಭಾರತದ ಮೀನು, ಸಿಗಡಿಗಳ ಆಮದನ್ನು ನಿಷೇಧಿಸಿತು. ಸಂಸ್ಕರಣಾ ಘಟಕಗಳು ನೀರು, ಐಸು, ಕೆಲಸದವರ ಕೈ, ನೆಲ, ಮೇಜು ಎಲ್ಲವನ್ನೂ ಸುಧಾರಿಸಬೇಕಾಯಿತು. ತಪಾಸಣೆಯಲ್ಲಿ ತೇರ್ಗಡೆಯಾದ ಘಟಕಗಳಿಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಅದೇ ತಿಂಗಳಿನಿಂದ ಅಮೆರಿಕವೂ ಮೀನಿನ ಘಟಕಗಳಿಗೆ ‘ಹ್ಯಾಸಪ್’ ಎಂಬ ಪದ್ಧತಿಯನ್ನು ಕಡ್ಡಾಯ ಮಾಡಿತು. ಇದರ ತಿರುಳು ಸರಳ. ಕೊನೆಗೆ ಸಿದ್ಧವಾದ ಪದಾರ್ಥವನ್ನು ಪರೀಕ್ಷಿಸಿ ಅಳುವುದಕ್ಕಿಂತ, ಅಪಾಯ ಎಲ್ಲೆಲ್ಲಿ ಒಳನುಗ್ಗಬಹುದೆಂದು ಮೊದಲೇ ಗುರುತಿಸಿ ಅಲ್ಲಿ ಕಾವಲು ಕೂರುವುದು.

ಪರದೇಶದವರ ಊಟಕ್ಕೆ ನಾವು ಇಷ್ಟು ಕಾವಲು ಕಾಯುತ್ತೇವೆ. ನಮ್ಮ ಮಕ್ಕಳ ಊಟಕ್ಕೂ ಅದರ ಕಾಲುಭಾಗವಾದರೂ ಬೇಡವೇ?

ಮನೆಯ ಕಾವಲು

ಮೀನು ಕೊಳ್ಳುವುದು ಪೇಟೆಯ ಕೊನೆಯ ಕೆಲಸವಾಗಿರಲಿ. ಮುಚ್ಚಳವಿರುವ ಡಬ್ಬಿ ಒಯ್ದು ಐಸ್ ಕೇಳಿ ಹಾಕಿಸಿಕೊಳ್ಳಿ. ಮನೆಗೆ ಬಂದೊಡನೆ ಶುಚಿ ಮಾಡಿ, ಅಂದೇ ಬೇಯಿಸದಿದ್ದರೆ ಫ್ರೀಜರ್‌ಗೆ ಹಾಕಿ. ಮನೆಯ ಫ್ರೀಜರ್ ನಿಧಾನವಾಗಿ ಹೆಪ್ಪುಗಟ್ಟಿಸುವುದರಿಂದ ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಳ್ಳಗಿನ ಪೊಟ್ಟಣಗಳಾಗಿ ಕಟ್ಟಿಡುವುದು ಲೇಸು. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನುಗಳ ಕೊಬ್ಬು ಶೀತದಲ್ಲೂ ನಿಧಾನವಾಗಿ ಕಮಟುತ್ತದೆ. ಆದ್ದರಿಂದ ಎರಡು ಮೂರು ತಿಂಗಳಿಗಿಂತ ಹೆಚ್ಚು ಇಡಬಾರದು.

ಹೆಪ್ಪುಗಟ್ಟಿಸಿದ ಮೀನು, ಮಾಂಸವನ್ನು ಬೆಳಿಗ್ಗೆ ಅಡುಗೆ ಕಟ್ಟೆಯ ಮೇಲಿಟ್ಟು ಕಚೇರಿಗೆ ಹೋಗಿ ಸಂಜೆ ಬೇಯಿಸುವ ಅಭ್ಯಾಸ ಬಿಡಿ. ಒಳಗೆ ಇನ್ನೂ ಮಂಜುಗಡ್ಡೆಯಿರುವಾಗಲೇ ಹೊರಮೈ ಬೆಚ್ಚಗಾಗಿ ಬ್ಯಾಕ್ಟೀರಿಯಾಗಳು ಎದ್ದಿರುತ್ತವೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ, ರಸ ಸೋರದಂತೆ ಪಾತ್ರೆಯೊಳಗಿಟ್ಟು ಕರಗಿಸಿ. ಅವಸರವಿದ್ದರೆ ಪೊಟ್ಟಣ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಹೊರಗೆ ಕರಗಿ ಬೆಚ್ಚಗಾದದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಪೊಟ್ಟಣದ ಬಟಾಣಿ, ಜೋಳವನ್ನು ಬೇಯಿಸದೆ ಸಲಾಡಿಗೆ ಹಾಕಬೇಡಿ. 2015ರಿಂದ 2018ರ ನಡುವೆ ಯುರೋಪಿನ ಹಲವು ದೇಶಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ನಲವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಕೆಲವರು ಸತ್ತರು. ಅದಕ್ಕೆ ಮೂಲ ಹೆಪ್ಪುಗಟ್ಟಿಸಿದ ಜೋಳದ ಕಾಳು ಎಂದು ಪತ್ತೆಯಾಯಿತು. ಈ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. ಗರ್ಭಿಣಿಯರಿಗೆ ಇದು ಸೋಂಕಿದರೆ ತಾಯಿಗೆ ಬರೇ ಜ್ವರ, ಮೈಕೈ ನೋವು ಬಂದು ಹೋಗಬಹುದು. ಆದರೆ ಗರ್ಭಪಾತ ಅಥವಾ ಶಿಶುವಿನ ಸಾವು ಸಂಭವಿಸಬಹುದು. ಮನೆಯಲ್ಲಿ ಬಸುರಿ, ಬಾಣಂತಿ, ಹಸುಳೆ, ವೃದ್ಧರಿದ್ದರೆ ಬಿಸಿ ಅಡುಗೆಯೇ ಕ್ಷೇಮ.

ಕರೆಂಟು ಹೋದಾಗ ಮೊದಲ ಕೆಲಸ, ಫ್ರಿಜ್‌ನ ಬಾಗಿಲು ತೆರೆಯದಿರುವುದು. ಮುಚ್ಚಿಯೇ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಉಳಿಸಿಕೊಳ್ಳುತ್ತದೆ. ತುಂಬಿದ, ಪ್ರತ್ಯೇಕ ಬಾಗಿಲಿನ ಫ್ರೀಜರ್ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಗಟ್ಟಿಯಾಗಿರುತ್ತದೆ. ‘ಚೆನ್ನಾಗಿ ಕುದಿಸಿದರಾಯಿತು’ ಎಂಬ ಧೈರ್ಯವೂ ಬೇಡ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಹಿಸ್ಟಮಿನ್, ಸ್ಟೆಫೈಲೊಕಾಕಸ್ ಬಿಟ್ಟ ವಿಷ, ಹೊರಗುಳಿದ ಅನ್ನದಲ್ಲಿ ಉಂಟಾಗುವ ಒಂದು ಬಗೆಯ ವಿಷ ಇವೆಲ್ಲ ಕುದಿತಕ್ಕೆ ಬಗ್ಗುವುದಿಲ್ಲ.

ವೈದ್ಯರಲ್ಲಿಗೆ ಯಾವಾಗ?

ಹೆಚ್ಚಿನ ವಾಂತಿಭೇದಿಗೆ ಓಆರ್‌ಎಸ್ ನೀರು, ಗಂಜಿ, ವಿಶ್ರಾಂತಿ ಸಾಕು. ಮಲದಲ್ಲಿ ರಕ್ತ, ಕಡಿಮೆಯಾಗದ ಜ್ವರ, ಕುಡಿದದ್ದೆಲ್ಲ ಹೊರಬರುವ ವಾಂತಿ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ತಡಮಾಡಬೇಡಿ. ಮೀನು ತಿಂದ ಬಳಿಕ ಮುಖ ಕೆಂಪಾಗಿ ತುರಿಕೆಯಾದರೆ ವೈದ್ಯರನ್ನು ಕಾಣಿ. ಉಸಿರಾಟಕ್ಕೆ ಕಷ್ಟ, ನಾಲಗೆ ಅಥವಾ ಗಂಟಲು ಊತ, ತಲೆ ಸುತ್ತಿ ಬೀಳುವಂತಾದರೆ ಕೂಡಲೇ ಆಸ್ಪತ್ರೆಗೆ ಧಾವಿಸಿ. ಅದು ನಿಜವಾದ ಅಲರ್ಜಿಯೂ ಆಗಿರಬಹುದು.

ಆ ಭಾನುವಾರದ ನಾಲ್ವರೂ ಔಷಧಿ ಪಡೆದು ರಾತ್ರಿಯೊಳಗೆ ಸುಧಾರಿಸಿಕೊಂಡರು. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ‘ಅಮ್ಮಾ, ಮೀನು ನಿಲ್ಲಿಸಬೇಡಿ. ಐಸ್ ಹಾಕಿಸದೆ ತರುವುದನ್ನು ನಿಲ್ಲಿಸಿ.’ ಮುಂದಿನ ತಿಂಗಳು ಅವರ ಮಗ ಹಡಗಿಗೆ ಹೊರಡುವ ಮುನ್ನ ಬಂದಿದ್ದರು. ಮನೆಗೊಂದು ಐಸ್ ಪೆಟ್ಟಿಗೆ ಕೊಂಡಿದ್ದಾರಂತೆ. ಫ್ರಿಜ್‌ನ ಉಷ್ಣತೆಯನ್ನು ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳಂತೆ.